ದೂರದ ಗ್ರಹದ ಬಂಡಾಯ: ಕಿರುತೆರೆಯ ಸೈನ್ಸ್ ಫಿಕ್ಷನ್ ಮತ್ತು ಕ್ರಾಂತಿಯ ಖರ್ಚು

1990ರ ಜನವರಿ ಕೊನೆಯಲ್ಲಿ ಅಮೆರಿಕದ ಟಿವಿಯಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಸರಣಿಯ ‘ದಿ ಹೈ ಗ್ರೌಂಡ್’ ಎಂಬ ಕಂತು ಪ್ರಸಾರವಾಯಿತು. ಕತೆ ನಡೆಯುವುದು ಒಂದು ದೂರದ ಗ್ರಹದಲ್ಲಿ. ಅಲ್ಲಿ ಪ್ರತ್ಯೇಕತಾವಾದಿಗಳು ಬಾಂಬು ಹಾಕುತ್ತಾರೆ, ಪೊಲೀಸರು ಸಿಕ್ಕಸಿಕ್ಕವರನ್ನು ಹಿಡಿದೊಯ್ಯುತ್ತಾರೆ, ನಡುವೆ ನೌಕೆಯ ವೈದ್ಯೆಯ ಅಪಹರಣವಾಗುತ್ತದೆ. ಪ್ರತ್ಯೇಕತಾವಾದಿಗಳ ನಾಯಕ ತನ್ನನ್ನು ಜಾರ್ಜ್ ವಾಷಿಂಗ್ಟನ್‌ಗೆ ಹೋಲಿಸಿಕೊಳ್ಳುತ್ತಾನೆ. ಇದೆಲ್ಲ ನಡೆಯುವಾಗ ಡೇಟಾ ಎಂಬ ಯಂತ್ರಮಾನವ ತನ್ನ ಕ್ಯಾಪ್ಟನ್ ಹತ್ತಿರ ಬಂದು ಒಂದು ಸಂಶಯ ಮುಂದಿಡುತ್ತಾನೆ: ಹಿಂಸೆಯಿಂದ ರಾಜಕೀಯ ಬದಲಾವಣೆ ಸಾಧ್ಯವಿಲ್ಲ ಎನ್ನುತ್ತಾರೆ, ಆದರೆ ಚರಿತ್ರೆಯಲ್ಲಿ ಅದು ಗೆದ್ದ ಉದಾಹರಣೆಗಳಿವೆಯಲ್ಲ? ಮೆಕ್ಸಿಕೊ ಸ್ಪೇನ್‌ನಿಂದ ಬಿಡಿಸಿಕೊಂಡಿತು. 2024ರಲ್ಲಿ ಐರ್ಲೆಂಡ್ ಒಂದಾಯಿತು.

ಕತೆಯ ಕಾಲ 24ನೇ ಶತಮಾನ. ಆದ್ದರಿಂದ 2024 ಎನ್ನುವುದು ಡೇಟಾಗೆ ಹಳೆಯ ಇಸವಿ, ಪಠ್ಯಪುಸ್ತಕದ ಸಂಗತಿ. 1990ರ ಬ್ರಿಟನ್ನಿಗೆ ಮಾತ್ರ ಅದು ಸಹಿಸಲಾಗದ ಮಾತಾಗಿತ್ತು. 1988ರ ಅಕ್ಟೋಬರ್‌ನಲ್ಲಿ ಥ್ಯಾಚರ್ ಸರ್ಕಾರದ ಗೃಹ ಸಚಿವ ಡಗ್ಲಸ್ ಹರ್ಡ್ ಒಂದು ಆದೇಶ ಹೊರಡಿಸಿದ್ದರು. ಐಆರ್‌ಎ, ಶಿನ್ ಫೇನ್ ಮತ್ತು ಅವುಗಳ ವಿರೋಧಿ ಬಣದ ಕೆಲವು ಸಂಘಟನೆಗಳ ಪರವಾಗಿ ಮಾತನಾಡುವವರ ದನಿಯನ್ನು ರೇಡಿಯೊ, ಟಿವಿಯಲ್ಲಿ ಕೇಳಿಸುವಂತಿರಲಿಲ್ಲ. ಮುಖ ತೋರಿಸಬಹುದು, ದನಿ ಕೂಡದು. ಸಂಸತ್ತಿಗೆ ಆಯ್ಕೆಯಾಗಿದ್ದ ಜೆರ್ರಿ ಆಡಮ್ಸ್ ಮಾತನಾಡುವಾಗ ಅವರ ತುಟಿ ಅಲ್ಲಾಡುತ್ತಿತ್ತು, ಮಾತನ್ನು ಒಬ್ಬ ನಟ ಓದುತ್ತಿದ್ದ. ಈ ವಿಚಿತ್ರ ಏರ್ಪಾಡು 1994ರ ಸೆಪ್ಟೆಂಬರ್ ತನಕ ನಡೆಯಿತು. ನಿಜವಾದ ರಾಜಕಾರಣಿಯ ದನಿಗೇ ಅವಕಾಶವಿಲ್ಲದ ಕಡೆ ಯಂತ್ರಮಾನವನ ದನಿಗೆ ಎಲ್ಲಿಯ ಅವಕಾಶ? ಬಿಬಿಸಿ ಆ ಸರಣಿಯನ್ನು ತೋರಿಸಿದಾಗ ಈ ಕಂತನ್ನು ಬಿಟ್ಟಿತು. ಅದನ್ನು ಕತ್ತರಿಸದೆ ತೋರಿಸಿದ್ದು 2007ರಲ್ಲಿ.

ಕಿರುತೆರೆಯ ಸೈನ್ಸ್ ಫಿಕ್ಷನ್‌ನಲ್ಲಿ ಕ್ರಾಂತಿಯ ರಾಜಕೀಯ ಹೇಗೆ ಬದುಕಿಕೊಂಡು ಬಂದಿದೆ ಎಂಬುದಕ್ಕೆ ಇದೊಂದು ಒಳ್ಳೆಯ ಸುಳಿವು. ಬಾಂಬು, ಅಪಹರಣ, ಚಿತ್ರಹಿಂಸೆ ಎಲ್ಲವನ್ನೂ ಬೇರೆ ಗ್ರಹದಲ್ಲಿಟ್ಟರೆ ತೋರಿಸಬಹುದು, ಬಂಡುಕೋರನಿಗೆ ನೋಡುಗರ ಸಹಾನುಭೂತಿಯನ್ನೂ ದೊರಕಿಸಿಕೊಡಬಹುದು. ಒಂದು ನಿಜವಾದ ಊರಿನ ಹೆಸರು ಬಂದ ಕೂಡಲೇ ಮುಸುಕು ಹರಿಯುತ್ತದೆ.

ಮುಸುಕಿನ ಹುಟ್ಟು

ಈ ಮುಸುಕನ್ನು ತಿಳಿದೂ ತಿಳಿದೂ ಹೊದ್ದುಕೊಂಡವರಲ್ಲಿ ರಾಡ್ ಸರ್ಲಿಂಗ್ ಮುಖ್ಯರು. 1955ರ ಆಗಸ್ಟ್‌ನಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಬಿಳಿಯರು ಕೊಂದರು, ಬಿಳಿಯರೇ ತುಂಬಿದ್ದ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಆಗ ಟಿವಿ ನಾಟಕಗಳಿಂದ ಹೆಸರಾಗಿದ್ದ ಸರ್ಲಿಂಗ್ ಇದರ ಎಳೆ ಹಿಡಿದು ‘ನೂನ್ ಆನ್ ಡೂಮ್ಸ್‌ಡೇ’ ಬರೆದರು. ದಕ್ಷಿಣದ ರಾಜ್ಯಗಳಲ್ಲಿ ಬಹಿಷ್ಕಾರದ ಬೆದರಿಕೆ ಎದ್ದಿತು, ಪ್ರಾಯೋಜಕರು ಹೆದರಿದರು. 1956ರಲ್ಲಿ ಅದು ತೆರೆಗೆ ಬರುವಷ್ಟರಲ್ಲಿ ಕತೆ ದಕ್ಷಿಣದಿಂದ ನ್ಯೂ ಇಂಗ್ಲೆಂಡಿಗೆ ಹೋಗಿತ್ತು, ಕೊಲೆಯಾದವನು ಎಲ್ಲಿಂದಲೋ ಬಂದ ಪರದೇಶಿಯಾಗಿದ್ದ. ದಕ್ಷಿಣದ ನೆನಪು ತರುತ್ತದೆಂದು ಸೆಟ್ಟಿನಿಂದ ಕೋಕಾ-ಕೋಲಾ ಬಾಟಲಿಯನ್ನೂ ತೆಗೆಸಿದ್ದರು.

1959ರ ಅಕ್ಟೋಬರ್‌ನಲ್ಲಿ ಸರ್ಲಿಂಗ್ ‘ದಿ ಟ್ವೈಲೈಟ್ ಝೋನ್’ ಶುರು ಮಾಡಿದರು. ದಕ್ಷಿಣದ ಬಿಳಿಯನ ಬಾಯಲ್ಲಿ ಆಡಿಸಲಾಗದ ಮಾತನ್ನು ಮಂಗಳ ಗ್ರಹದವನ ಬಾಯಲ್ಲಿ ಆಡಿಸಬಹುದೆಂದು ಅವರಿಗೆ ಮನವರಿಕೆಯಾಗಿತ್ತು. ಜಾಹೀರಾತುದಾರರಿಗೆ ಕಾಣುವುದು ರಾಕೆಟ್ಟು, ಮಕ್ಕಳಿಗೂ ಅದೇ. ಉಳಿದದ್ದು ಯಾರಿಗೆ ಕಾಣಬೇಕೋ ಅವರಿಗೆ ಕಾಣುತ್ತದೆ. ಮುಂದಿನ ದಶಕಗಳಲ್ಲಿ ಈ ದಾರಿಯಲ್ಲಿ ಬಂದವರು ಜನಾಂಗದ್ವೇಷದಿಂದ ಮುಂದೆ ಹೋಗಿ, ಆಳುವವರ ವಿರುದ್ಧ ಆಯುಧ ಎತ್ತುವವರ ಕತೆಯನ್ನೇ ಕೈಗೆತ್ತಿಕೊಂಡರು.

ಗೆಲ್ಲದ ಬ್ಲೇಕ್

1978ರ ಜನವರಿ 2ರಂದು ಬಿಬಿಸಿ ‘ಬ್ಲೇಕ್ಸ್ 7’ ಸರಣಿಯನ್ನು ಆರಂಭಿಸಿತು. ಅದರ ಕರ್ತೃ ಟೆರ್ರಿ ನೇಷನ್, ‘ಡಾಕ್ಟರ್ ಹೂ’ಗೆ ಡಾಲೆಕ್‌ಗಳನ್ನು ಕೊಟ್ಟವರು. ಸೆಟ್ಟುಗಳು ಅಗ್ಗದವು, ಗ್ರಹಗಳೆಲ್ಲ ಇಂಗ್ಲೆಂಡಿನ ಕಲ್ಲುಕ್ವಾರಿಗಳಂತೆ ಕಾಣುತ್ತಿದ್ದವು. ಮೊದಲ ಕಂತು ಮಾತ್ರ ಇವತ್ತು ನೋಡಿದರೂ ಬೆಚ್ಚಿಬೀಳಿಸುತ್ತದೆ.

ಭೂಮಿಯ ಜನ ಗುಮ್ಮಟದ ನಗರಗಳಲ್ಲಿದ್ದಾರೆ. ಅವರು ತೆಪ್ಪಗಿರಲೆಂದು ಅನ್ನ ನೀರಿನಲ್ಲೇ ಮದ್ದು ಬೆರೆಸಲಾಗುತ್ತದೆ. ಬ್ಲೇಕ್ ಎಂಬಾತ ಹಿಂದೆ ವಿರೋಧಿ ಪಕ್ಷವೊಂದರ ನಾಯಕನಾಗಿದ್ದ. ಅವನನ್ನು ಕೊಂದರೆ ಹುತಾತ್ಮನಾಗುತ್ತಾನೆ ಎಂದು ಸರ್ಕಾರ ಕೊಲ್ಲಲಿಲ್ಲ. ಮಿದುಳು ತೊಳೆದು, ಎಲ್ಲರೆದುರು ತಪ್ಪೊಪ್ಪಿಗೆ ಮಾಡಿಸಿ, ನೆನಪನ್ನೆಲ್ಲ ಅಳಿಸಿ ಸಾಮಾನ್ಯ ಪ್ರಜೆಯನ್ನಾಗಿ ಬಿಟ್ಟಿತು. ಹಳೆಯ ಗೆಳೆಯರು ಅವನನ್ನು ಗುಟ್ಟಾಗಿ ಒಂದು ಸಭೆಗೆ ಕರೆಯುತ್ತಾರೆ. ಸೈನಿಕರು ಬಂದು ನಿರಾಯುಧರನ್ನು ಗುಂಡಿಟ್ಟು ಕೊಲ್ಲುತ್ತಾರೆ. ಉಳಿದ ಒಬ್ಬನೇ ಸಾಕ್ಷಿ ಬ್ಲೇಕ್. ಈ ಸಲ ಸರ್ಕಾರ ಹೊರಿಸುವ ಆರೋಪ ಮಕ್ಕಳ ಮೇಲಿನ ದೌರ್ಜನ್ಯದ್ದು. ಸತ್ಯ ಪತ್ತೆ ಮಾಡಿದ ಅವನ ವಕೀಲ ಮತ್ತು ಆತನ ಹೆಂಡತಿ ಕಂತು ಮುಗಿಯುವುದರೊಳಗೆ ಹೆಣವಾಗುತ್ತಾರೆ. ಬ್ಲೇಕ್‌ನನ್ನು ಕೈದಿಗಳ ಗ್ರಹಕ್ಕೆ ಸಾಗಿಸಲಾಗುತ್ತದೆ.

ದಾರಿಯಲ್ಲಿ ಅವನಿಗೆ ಒಂದು ಅದ್ಭುತ ನೌಕೆ ಸಿಗುತ್ತದೆ, ಜೊತೆಗಾರರೂ ಸಿಗುತ್ತಾರೆ. ಒಬ್ಬ ಕಳ್ಳ, ಒಬ್ಬಳು ಕಳ್ಳಸಾಗಣೆಯವಳು, ಒಬ್ಬ ಕೊಲೆಗಾರ, ಕಂಪ್ಯೂಟರ್ ವಂಚನೆಯಲ್ಲಿ ಸಿಕ್ಕಿಬಿದ್ದ ಏವನ್ ಎಂಬ ಮಹಾ ಬುದ್ಧಿವಂತ. ಆಮೇಲೆ ಬಂದು ಸೇರುವ ಕ್ಯಾಲಿಯನ್ನು ಬಿಟ್ಟರೆ ಯಾರಿಗೂ ಕ್ರಾಂತಿ ಬೇಕಿಲ್ಲ. ಏವನ್‌ಗೆ ಬೇಕಾದ್ದು ನೌಕೆ. ಸರಣಿಯ ಜೀವ ಇರುವುದು ಬ್ಲೇಕ್ ಮತ್ತು ಏವನ್ ನಡುವಿನ ಜಗ್ಗಾಟದಲ್ಲಿ: ಒಬ್ಬನಿಗೆ ಗುರಿ ಎಷ್ಟು ದೊಡ್ಡದೆಂದರೆ ಜೊತೆಗಿರುವವರು ಕಾಣುವುದಿಲ್ಲ, ಇನ್ನೊಬ್ಬನಿಗೆ ಗುರಿಯಲ್ಲಿ ನಂಬಿಕೆಯಿಲ್ಲ, ಆದರೂ ಬಿಟ್ಟು ಹೋಗಲಾರ.

ಎರಡನೇ ವರ್ಷದಲ್ಲಿ ಬ್ಲೇಕ್ ಆಳುವವರ ಕೇಂದ್ರ ಗಣಕ ಕೇಂದ್ರಕ್ಕೆ ನುಗ್ಗುತ್ತಾನೆ. ಬಾಗಿಲು ಒಡೆದು ಒಳಹೊಕ್ಕರೆ ಖಾಲಿ ಕೋಣೆ. ಕೇಂದ್ರವನ್ನು ಎಂದೋ ಬೇರೆಡೆಗೆ ಸಾಗಿಸಿ, ಬಂಡುಕೋರರನ್ನು ಸೆಳೆಯಲು ಈ ಜಾಗವನ್ನು ಹಾಗೇ ಉಳಿಸಿದ್ದಾರೆ. ವಾಪಸ್ ಬರುವಾಗ ಗ್ಯಾನ್ ಎಂಬ ಜೊತೆಗಾರ ಸಾಯುತ್ತಾನೆ. ಖಾಲಿ ಕೋಣೆಗೆ ಒಂದು ಜೀವ.

ನಿಜವಾದ ಕೇಂದ್ರ ಸಿಗುವುದು 1979ರ ಏಪ್ರಿಲ್‌ನಲ್ಲಿ ಪ್ರಸಾರವಾದ ‘ಸ್ಟಾರ್ ಒನ್’ ಕಂತಿನಲ್ಲಿ. ಅದನ್ನು ಒಡೆದರೆ ಸಾಮ್ರಾಜ್ಯ ಕುಸಿಯುತ್ತದೆ. ಆದರೆ ನೂರಾರು ಗ್ರಹಗಳ ಹವಾಮಾನವೂ ಸಂಚಾರವೂ ಅಲ್ಲಿಂದಲೇ ನಡೆಯುವುದು. ಎಷ್ಟೋ ಜನ ಸಾಯುತ್ತಾರಲ್ಲ ಎಂದು ಕ್ಯಾಲಿ ಕೇಳುತ್ತಾಳೆ. ಬ್ಲೇಕ್‌ನ ಉತ್ತರದ ತಾತ್ಪರ್ಯ ಇಷ್ಟು: ಗೆಲ್ಲಲೇಬೇಕು, ಇಷ್ಟು ದಿನ ಮಾಡಿದ್ದು ಸರಿಯೆಂದು ಗೊತ್ತಾಗಲು ಬೇರೆ ದಾರಿಯಿಲ್ಲ. ಕ್ರಾಂತಿಕಾರಿಯ ಒಳಗಿನ ಭಯವನ್ನು ಇಷ್ಟು ನೇರವಾಗಿ ಹೇಳಿದ ಟಿವಿ ಕಂತುಗಳು ಕಡಿಮೆ. ಸತ್ತವರ ಲೆಕ್ಕ ಏರಿದಂತೆಲ್ಲ ಹಿಂದೆ ಸರಿಯುವುದು ಕಷ್ಟವಾಗುತ್ತದೆ, ಏಕೆಂದರೆ ಸರಿದರೆ ಹಿಂದಿನ ಸಾವುಗಳಿಗೆ ಅರ್ಥವೇ ಉಳಿಯುವುದಿಲ್ಲ.

52 ಕಂತುಗಳ ಸರಣಿ ಮುಗಿದದ್ದು 1981ರ ಡಿಸೆಂಬರ್ 21ರಂದು, ಕ್ರಿಸ್‌ಮಸ್‌ಗೆ ನಾಲ್ಕು ದಿನ ಮೊದಲು. ಎರಡು ವರ್ಷ ಕಾಣೆಯಾಗಿದ್ದ ಬ್ಲೇಕ್ ಬೇಟೆಗಾರನ ವೇಷದಲ್ಲಿ ಜನರನ್ನು ಪರೀಕ್ಷಿಸಿ ಹೊಸ ಪಡೆ ಕಟ್ಟುತ್ತಿರುತ್ತಾನೆ. ಅವನ ಮಾತನ್ನು ತಪ್ಪು ತಿಳಿದ ಏವನ್, ತಮಗೆ ದ್ರೋಹ ಬಗೆದನೆಂದು ಅವನನ್ನು ಗುಂಡಿಟ್ಟು ಕೊಲ್ಲುತ್ತಾನೆ. ನಿಜವಾದ ಬೇಹುಗಾರ್ತಿ ಬ್ಲೇಕ್ ತಾನೇ ಪರೀಕ್ಷಿಸಿ ಸೇರಿಸಿಕೊಂಡಿದ್ದ ಹೆಣ್ಣು. ಸೈನಿಕರು ಸುತ್ತುವರಿಯುತ್ತಾರೆ, ಒಬ್ಬೊಬ್ಬರೇ ಬೀಳುತ್ತಾರೆ. ಏವನ್ ಬಂದೂಕು ಎತ್ತಿ ನಗುತ್ತಾನೆ. ಮುಂದಿನದು ಹೆಸರುಗಳ ಪಟ್ಟಿಯ ಹಿಂದೆ ಬರಿಯ ಗುಂಡಿನ ಸದ್ದು. ದಂಗೆಯನ್ನು ಕೊನೆಗೆ ಮುರಿದದ್ದು ಸೈನ್ಯಕ್ಕಿಂತ ಹೆಚ್ಚಾಗಿ ಪರಸ್ಪರ ಅಪನಂಬಿಕೆ. ಭೂಗತ ಚಳವಳಿಗಳ ಚರಿತ್ರೆ ಓದಿದವರಿಗೆ ಇದು ಹೊಸದಲ್ಲ.

ಹಲ್ಲಿಗಳ ಸಮವಸ್ತ್ರ

ಎರಡು ವರ್ಷದ ನಂತರ ಅಮೆರಿಕದ ಎನ್‌ಬಿಸಿಯಲ್ಲಿ ‘ವಿ’ ಬಂತು. ಕೆನೆತ್ ಜಾನ್ಸನ್ ಮೊದಲು ಬರೆದಿದ್ದರಲ್ಲಿ ಅನ್ಯಗ್ರಹದವರು ಇರಲಿಲ್ಲ. ಅಮೆರಿಕದಲ್ಲೇ ಫ್ಯಾಸಿಸ್ಟ್ ಆಡಳಿತ ಬಂದರೆ ಹೇಗಿರುತ್ತದೆಂಬ ಸಿಂಕ್ಲೇರ್ ಲೂಯಿಸ್‌ರ 1935ರ ಕಾದಂಬರಿಯ ಪ್ರೇರಣೆಯಲ್ಲಿ ಅವರು ನೇರ ರಾಜಕೀಯ ಕತೆ ಹೆಣೆದಿದ್ದರು. ಚಾನೆಲ್‌ಗೆ ಅದು ರುಚಿಸಲಿಲ್ಲ. ‘ಸ್ಟಾರ್ ವಾರ್ಸ್’ ಗೆದ್ದ ಕಾಲ. ಫ್ಯಾಸಿಸ್ಟರು ಆಕಾಶದಿಂದ ಇಳಿದ ‘ಅತಿಥಿ’ಗಳಾದರು, ಮನುಷ್ಯರ ಚರ್ಮದ ಕೆಳಗೆ ಹಲ್ಲಿಗಳಾದರು.

1983ರ ಮೇ 1 ಮತ್ತು 2ರಂದು ಪ್ರಸಾರವಾದ ಆ ಕಿರುಸರಣಿಯನ್ನು ಎಲ್ಲ ಕಾಲದ ಪ್ರತಿರೋಧ ಹೋರಾಟಗಾರರಿಗೆ ಅರ್ಪಿಸಲಾಗಿತ್ತು. ಮೊದಲ ದೃಶ್ಯವೇ ಎಲ್ ಸಾಲ್ವಡಾರ್‌ನ ಗೆರಿಲ್ಲಾ ಶಿಬಿರ, ಅದರ ಮೇಲೆ ಹೆಲಿಕಾಪ್ಟರ್ ದಾಳಿ. ಆ ದೇಶದ ಸರ್ಕಾರಕ್ಕೆ ಆಗ ಆಯುಧ ಮತ್ತು ಹಣ ಕೊಡುತ್ತಿದ್ದದ್ದು ಅಮೆರಿಕವೇ. ಆದರೆ ತಟ್ಟೆಯಾಕಾರದ ನೌಕೆಗಳು ಬಂದ ಮೇಲೆ ಎಲ್ ಸಾಲ್ವಡಾರ್ ಮರೆಯಾಗುತ್ತದೆ. ಅತಿಥಿಗಳು ಮೊದಲು ಬೇಟೆಯಾಡುವುದು ವಿಜ್ಞಾನಿಗಳನ್ನು. ನೆರೆಮನೆಯವರು ದೂರು ಕೊಡುತ್ತಾರೆ, ಹದಿಹರೆಯದವರು ಸಮವಸ್ತ್ರ ತೊಟ್ಟು ಮೆರೆಯುತ್ತಾರೆ. ನಾಜಿಗಳ ಕಾಲವನ್ನು ಕಂಡು ಬದುಕುಳಿದ ಒಬ್ಬ ಯಹೂದಿ ಅಜ್ಜ, ಗೋಡೆಯ ಪೋಸ್ಟರಿನ ಮೇಲೆ ಸುಮ್ಮನೆ ಬಣ್ಣ ಬಳಿಯುತ್ತಿದ್ದ ಹುಡುಗರಿಗೆ ‘ವಿ’ ಅಕ್ಷರ ಬರೆಯುವುದನ್ನು ಕಲಿಸುತ್ತಾನೆ. ನೆನಪೇ ಪ್ರತಿರೋಧದ ಮೊದಲ ಪಾಠ ಎಂಬುದು ಆ ದೃಶ್ಯದ ಬಲ. ಶತ್ರು ಹಲ್ಲಿಯಾದಾಗ ಅವನನ್ನು ಕೊಲ್ಲುವುದರಲ್ಲಿ ನೋವಿಲ್ಲ ಎಂಬುದು ಸರಣಿಯ ದೌರ್ಬಲ್ಯ. ಬ್ಲೇಕ್‌ನನ್ನು ಕಾಡಿದ ಪ್ರಶ್ನೆ ಇಲ್ಲಿ ಯಾರನ್ನೂ ಅಷ್ಟಾಗಿ ಕಾಡುವುದಿಲ್ಲ.

ಆಕ್ರಮಣಕ್ಕೊಳಗಾದವರು

ಆ ಪ್ರಶ್ನೆಯನ್ನು ಮತ್ತೆ ಎತ್ತಿಕೊಂಡದ್ದು 1993ರಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’. ಅದರ ಮುಖ್ಯ ಪಾತ್ರಗಳಲ್ಲಿ ಒಬ್ಬಳಾದ ಕೀರಾ, ದಶಕಗಳ ಪರರ ಆಡಳಿತದ ವಿರುದ್ಧ ಹೋರಾಡಿದ ಭೂಗತ ಪಡೆಯವಳು. ಈಗ ಅವಳು ಅಧಿಕಾರಿ. ತಾನು ಮಾಡಿದ್ದಕ್ಕೆ ಅವಳು ನಾಚುವುದಿಲ್ಲ, ಅದನ್ನು ಮುಚ್ಚಿಡುವುದೂ ಇಲ್ಲ. ಹಳೆಯ ಬಾಂಬೊಂದರಿಂದ ವಿಕಾರಗೊಂಡ ಒಬ್ಬ ಕೆಲಸದಾಳು ವರ್ಷಗಳ ಮೇಲೆ ಸೇಡಿಗೆ ಬಂದಾಗ, ಆಳುವವರ ಮನೆಯಲ್ಲಿ ಬಟ್ಟೆ ತೊಳೆಯುತ್ತಿದ್ದವನೂ ಅಂದು ಶತ್ರುವೇ ಎಂಬ ಅರ್ಥದಲ್ಲಿ ಅವಳು ವಾದಿಸುತ್ತಾಳೆ. ನೋಡುಗರಿಗೆ ಅವಳ ಮೇಲೆ ಪ್ರೀತಿಯಿದೆ, ಆದರೂ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಆ ಸರಣಿಯ ಬರಹಗಾರರಲ್ಲೊಬ್ಬರಾದ ರೊನಾಲ್ಡ್ ಮೂರ್ ಮುಂದೆ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಹೊಸದಾಗಿ ರೂಪಿಸಿದರು. ಅದರ ಮೂರನೇ ವರ್ಷ ಆರಂಭವಾದದ್ದು 2006ರ ಅಕ್ಟೋಬರ್ 6ರಂದು. ಆಗ ಇರಾಕ್‌ನಲ್ಲಿ ಅಮೆರಿಕದ ಸೇನೆಯಿತ್ತು. ಅಲ್ಲಿ ಪೊಲೀಸ್ ಕೆಲಸಕ್ಕೆ ಸೇರಲು ಸಾಲುಗಟ್ಟಿ ನಿಂತವರ ನಡುವೆ ಆತ್ಮಾಹುತಿ ಬಾಂಬ್ ಸಿಡಿದ ಸುದ್ದಿ ಅಮೆರಿಕನ್ನರಿಗೆ ಮೇಲಿಂದ ಮೇಲೆ ಬರುತ್ತಿತ್ತು. ತೆರೆಯ ಮೇಲೆ ನ್ಯೂ ಕ್ಯಾಪ್ರಿಕಾ ಎಂಬ ಬಡ ಗ್ರಹದಲ್ಲಿ ಮನುಷ್ಯರು ಡೇರೆಗಳಲ್ಲಿದ್ದಾರೆ, ಯಂತ್ರಜನಾಂಗದವರು ಆಳುತ್ತಿದ್ದಾರೆ, ಮನುಷ್ಯರದೇ ಒಂದು ಪೊಲೀಸ್ ಪಡೆ ಕಟ್ಟುತ್ತಿದ್ದಾರೆ. ಆ ಪಡೆಗೆ ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭದಲ್ಲಿ ಒಬ್ಬ ಯುವಕ ಮೈಗೆ ಬಾಂಬು ಕಟ್ಟಿಕೊಂಡು ಸಿಡಿಯುತ್ತಾನೆ. ಅವನನ್ನು ಕಳಿಸಿದವನು ಎರಡು ವರ್ಷದಿಂದ ಜನ ಮೆಚ್ಚಿ ನೋಡುತ್ತಿದ್ದ ಕರ್ನಲ್ ಟೈ.

ಅಮೆರಿಕದ ನೋಡುಗರು ಎಚ್ಚರಾಗುವ ಹೊತ್ತಿಗೆ ತಾವು ಸುದ್ದಿಯಲ್ಲಿ ಯಾರನ್ನು ದ್ವೇಷಿಸುತ್ತಿದ್ದರೋ ಅವರ ಜಾಗದಲ್ಲಿ ನಿಂತಿದ್ದರು. ಸರಣಿ ಅದನ್ನು ಸರಿಯೆನ್ನುವುದಿಲ್ಲ. ಟೈನ ಜೊತೆಗಾರರೇ ಅವನೊಡನೆ ಜಗಳವಾಡುತ್ತಾರೆ. ಇನ್ನೂ ಕಹಿಯಾದದ್ದು ಬಿಡುಗಡೆಯ ನಂತರದ ಕತೆ. ಆರು ಜನರ ಗುಪ್ತ ಮಂಡಳಿಯೊಂದು ಆಳುವವರ ಜೊತೆ ಕೈಜೋಡಿಸಿದವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ನೌಕೆಯಿಂದ ಹೊರಗೆ ಶೂನ್ಯಕ್ಕೆ ಎಸೆಯುತ್ತದೆ. ಗೇಟಾ ಎಂಬ ಗುಮಾಸ್ತೆಯಂಥ ಅಧಿಕಾರಿಯ ಸರದಿ ಬಂದಾಗ ಕೊನೆಯ ಗಳಿಗೆಯಲ್ಲಿ ತಿಳಿಯುತ್ತದೆ, ಪ್ರತಿರೋಧಕ್ಕೆ ಒಳಗಿನ ಗುಟ್ಟು ಮುಟ್ಟಿಸುತ್ತಿದ್ದವನು ಅವನೇ ಎಂದು. 2009ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ತನ್ನ ನ್ಯೂಯಾರ್ಕ್ ಕಚೇರಿಯಲ್ಲಿ ಈ ಸರಣಿಯ ನಿರ್ಮಾಪಕರನ್ನೂ ನಟರನ್ನೂ ಕರೆಸಿ ಮಾನವ ಹಕ್ಕು, ಭಯೋತ್ಪಾದನೆಗಳ ಬಗ್ಗೆ ಚರ್ಚೆ ನಡೆಸಿತು.

ದಂಗೆಯ ಜಮಾಖರ್ಚು

2022ರ ಸೆಪ್ಟೆಂಬರ್‌ನಲ್ಲಿ ಡಿಸ್ನಿಯ ವಾಹಿನಿಯಲ್ಲಿ ಬಂದ ‘ಆಂಡೋರ್’ ಈ ಎಲ್ಲ ಎಳೆಗಳನ್ನು ಒಂದೆಡೆ ತಂದಿತು. ‘ಸ್ಟಾರ್ ವಾರ್ಸ್’ ಲೋಕದ ಕತೆಯಾದರೂ ಇಲ್ಲಿ ದೈವಿಕ ಶಕ್ತಿಯಿಲ್ಲ, ಬೆಳಕಿನ ಕತ್ತಿಗಳಿಲ್ಲ. ಇದನ್ನು ರೂಪಿಸಿದ ಟೋನಿ ಗಿಲ್ರಾಯ್ ಕ್ರಾಂತಿಗಳ ಚರಿತ್ರೆಯನ್ನು ವರ್ಷಗಟ್ಟಲೆ ಓದಿದವರು. ದಂಗೆಗೆ ದುಡ್ಡು ಎಲ್ಲಿಂದ ಬರುತ್ತದೆ ಎಂಬುದು ಅವರು ಕೇಳಿಕೊಂಡ ಮೊದಲ ಪ್ರಶ್ನೆಗಳಲ್ಲೊಂದು.

ಉತ್ತರ ಸಿಕ್ಕಿದ್ದು ಯುವಕ ಸ್ಟಾಲಿನ್‌ನ ಕತೆಯಲ್ಲಿ. 1907ರ ಜೂನ್‌ನಲ್ಲಿ ಬೋಲ್ಶೆವಿಕರು ಇಂದಿನ ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ಚೌಕದಲ್ಲಿ ಬ್ಯಾಂಕಿನ ಹಣ ಸಾಗಿಸುತ್ತಿದ್ದ ಗಾಡಿಯ ಮೇಲೆ ಬಾಂಬು ಎಸೆದು ಲಕ್ಷಾಂತರ ರೂಬಲ್ ದೋಚಿದರು. ಪೊಲೀಸ್ ದಾಖಲೆಯ ಪ್ರಕಾರ ಸತ್ತವರು ಸುಮಾರು 40. ದೊಡ್ಡ ನೋಟುಗಳ ಸಂಖ್ಯೆ ಸರ್ಕಾರದ ಬಳಿ ಇದ್ದದ್ದರಿಂದ ಯುರೋಪಿನ ಊರುಗಳಲ್ಲಿ ಅವನ್ನು ಮುರಿಸಲು ಹೋದವರು ಸಿಕ್ಕಿಬಿದ್ದರು. ಕಾಕೋರಿ ರೈಲು ದರೋಡೆಯ ಕತೆ ಬಲ್ಲವರಿಗೆ ಈ ಇಕ್ಕಟ್ಟು ಪರಿಚಿತ: ಆಯುಧಕ್ಕೆ ದುಡ್ಡು ಬೇಕು, ದುಡ್ಡಿಗೆ ದರೋಡೆ, ದರೋಡೆಯಾದ ಮೇಲೆ ಸರ್ಕಾರದ ಕೈ ಇಡೀ ಸಂಘಟನೆಯ ಕುತ್ತಿಗೆಗೆ.

‘ಆಂಡೋರ್’ನಲ್ಲಿ ಸಣ್ಣ ಗುಂಪೊಂದು ಸಾಮ್ರಾಜ್ಯದ ಸೈನಿಕರ ಸಂಬಳದ ಹಣವನ್ನು ದೋಚುತ್ತದೆ. ಗುಂಪಿನಲ್ಲಿ ನೆಮಿಕ್ ಎಂಬ ಹುಡುಗನೊಬ್ಬನಿದ್ದಾನೆ, ರಾತ್ರಿ ಕೂತು ಸ್ವಾತಂತ್ರ್ಯದ ಪ್ರಣಾಳಿಕೆ ಬರೆಯುವವನು. ಪರಾರಿಯಾಗುವಾಗ ಜಾರಿದ ಹಣದ ರಾಶಿಯೇ ಅವನನ್ನು ಜಜ್ಜಿಹಾಕುತ್ತದೆ. ಸುದ್ದಿ ತಿಳಿದ ಸರ್ಕಾರ ಎಲ್ಲೆಡೆ ಶಿಕ್ಷೆಗಳನ್ನು ಹೆಚ್ಚಿಸುತ್ತದೆ. ಏನೂ ಮಾಡದೆ ದಾರಿಯಲ್ಲಿ ನಿಂತಿದ್ದ ಕ್ಯಾಸಿಯನ್ ಬೇರೆಯದೇ ಹೆಸರಿನಲ್ಲಿ ಆರು ವರ್ಷ ಜೈಲು ಸೇರುತ್ತಾನೆ.

ಆ ಜೈಲೊಂದು ಕಾರ್ಖಾನೆ. ಕೈದಿಗಳು ಬರಿಗಾಲಿನಲ್ಲಿರಬೇಕು, ಏಕೆಂದರೆ ನೆಲವೇ ಶಿಕ್ಷೆ. ವಿದ್ಯುತ್ ಹರಿಸಿದರೆ ಮುಗಿಯಿತು, ಬೇಲಿಯೂ ಬೇಡ, ಹೆಚ್ಚು ಕಾವಲುಗಾರರೂ ಬೇಡ. ಮೇಜುಮೇಜುಗಳ ನಡುವೆ ಕೆಲಸದ ಪೈಪೋಟಿ. ಗೆದ್ದವರ ಊಟಕ್ಕೆ ರುಚಿ, ಸೋತವರಿಗೆ ಶಾಕ್. ಕೀನೊ ಎಂಬ ಮೇಸ್ತ್ರಿ ತಾನೂ ಕೈದಿ, ಬಿಡುಗಡೆಯ ದಿನ ಎಣಿಸುತ್ತಾ ಉಳಿದವರನ್ನು ದುಡಿಸುತ್ತಾನೆ. ಅವಧಿ ಮುಗಿದವನೊಬ್ಬನನ್ನು ಮನೆಗೆ ಕಳಿಸದೆ ಇನ್ನೊಂದು ಮಹಡಿಗೆ ಹಾಕಿದ್ದು ಗೊತ್ತಾದ ದಿನ ಅವನ ಲೆಕ್ಕ ಕುಸಿಯುತ್ತದೆ. ದಂಗೆ ಹುಟ್ಟುವುದು ಭಾಷಣದಿಂದ ಅಲ್ಲ, ನಿಯಮ ಪಾಲಿಸಿದರೂ ಬಿಡುಗಡೆ ಇಲ್ಲ ಎಂಬ ಖಚಿತ ಮಾಹಿತಿಯಿಂದ. ಎಲ್ಲರನ್ನೂ ಸಮುದ್ರದ ಅಂಚಿಗೆ ತಂದು ನಿಲ್ಲಿಸಿದ ಕೀನೊಗೆ ಈಜು ಬರುವುದಿಲ್ಲ.

ಇದರ ಇನ್ನೊಂದು ತುದಿಯಲ್ಲಿ ರಾಜಧಾನಿಯ ಲೆಕ್ಕಪತ್ರವಿದೆ. ಸಂಸದೆ ಮಾನ್ ಮಾತ್ಮಾ ತನ್ನ ಕುಟುಂಬದ ಖಾತೆಯಿಂದ ಬಂಡುಕೋರರಿಗೆ ಹಣ ಸಾಗಿಸಿದ್ದಾಳೆ, ನಾಲ್ಕು ಲಕ್ಷ ಕಡಿಮೆ ಬಿದ್ದಿದೆ, ಲೆಕ್ಕ ಪರಿಶೋಧನೆ ಹತ್ತಿರವಾಗಿದೆ. ತುಂಬಿಕೊಡಬಲ್ಲ ಸಾಹುಕಾರ ಬಡ್ಡಿ ಕೇಳುವುದಿಲ್ಲ. ತನ್ನ ಮಗನಿಗೆ ಅವಳ ಹದಿಮೂರರ ಮಗಳ ಪರಿಚಯ ಮಾಡಿಸಿ ಅನ್ನುತ್ತಾನೆ. ಎರಡನೇ ಭಾಗ ಶುರುವಾಗುವುದೇ ಆ ಮದುವೆಯಿಂದ. ಇತ್ತ ಜಾಲದ ಸೂತ್ರಧಾರ ಲೂಥೆನ್, ಶತ್ರುವಿನ ಗುಪ್ತಚರ ಇಲಾಖೆಯಲ್ಲಿರುವ ತನ್ನ ಒಬ್ಬ ಬೇಹುಗಾರನನ್ನು ಉಳಿಸಿಕೊಳ್ಳಲು ಇನ್ನೊಂದು ಬಂಡುಕೋರ ತಂಡವನ್ನು ಗೊತ್ತಿದ್ದೂ ಸಾಯಲು ಬಿಡುತ್ತಾನೆ.

2025ರಲ್ಲಿ ಬಂದ ಎರಡನೇ ಭಾಗದಲ್ಲಿ ಅಧಿಕಾರಿಗಳ ಒಂದು ಸಭೆಯಿದೆ. ಘೋರ್ಮನ್ ಎಂಬ ಗ್ರಹದ ನೆಲದಡಿಯ ಖನಿಜ ಬೇಕು, ಜನ ಅಡ್ಡಿ. ಬೆಟ್ಟದ ಮೇಲಿನ ಬಂಗಲೆ, ತಿಂಡಿ, ಕಡತಗಳು. 1942ರ ಜನವರಿಯಲ್ಲಿ ಯಹೂದಿಗಳ ನಿರ್ಮೂಲನೆಯನ್ನು ಚರ್ಚಿಸಿದ ವಾನ್ಸೇ ಸಭೆ ಇದರ ಮಾದರಿಯೆಂದು ಗಿಲ್ರಾಯ್ ಹೇಳಿದ್ದಾರೆ. ಸರ್ಕಾರವೇ ಅಲ್ಲಿ ಪ್ರತಿರೋಧ ಬೆಳೆಯಲು ಬಿಡುತ್ತದೆ, ಅದನ್ನು ತೋರಿಸಿ ಹತ್ಯಾಕಾಂಡಕ್ಕೆ ನೆಪ ಮಾಡಿಕೊಳ್ಳುತ್ತದೆ. ಚೌಕದಲ್ಲಿ ಸೇರಿದ ಜನರ ಮೇಲೆ ಗುಂಡು ಹಾರಿಸಲು ಬೇಕಾದ ಮೊದಲ ಹೆಣವನ್ನೂ ತನ್ನದೇ ಸೈನಿಕನನ್ನು ಕೊಂದು ಒದಗಿಸುತ್ತದೆ. ಸಿಟ್ಟಿನಲ್ಲಿ ಎದ್ದವರು ಆಳುವವರ ಯೋಜನೆಗೇ ಉಪಯೋಗವಾಗಬಹುದು ಎಂಬ ಈ ಕಹಿ ತಿಳಿವಳಿಕೆ ‘ವಿ’ಯ ಕಾಲದಲ್ಲಿ ಇರಲಿಲ್ಲ.

ಯಾರ ದುಡ್ಡು, ಯಾರ ಬಂಡಾಯ

ಈ 24 ಕಂತುಗಳಿಗೆ 65 ಕೋಟಿ ಡಾಲರ್ ಖರ್ಚಾಯಿತೆಂದು ಗಿಲ್ರಾಯ್ ಅವರೇ ಹೇಳಿದ್ದಾರೆ. ಬ್ಲೇಕ್‌ನಿಗೆ ದುಡ್ಡು ಕೊಟ್ಟದ್ದು ಬಿಬಿಸಿ, ‘ವಿ’ಗೆ ಎನ್‌ಬಿಸಿ. ಬಂಡಾಯದ ಕತೆಗಳಿಗೆ ಬಂಡವಾಳ ಬಂದದ್ದೆಲ್ಲ ವ್ಯವಸ್ಥೆಯ ನಡುಮನೆಯಿಂದಲೇ. ಮುಸುಕು ಇರುವ ತನಕ ಇದರಿಂದ ಯಾರಿಗೂ ತೊಂದರೆಯಿಲ್ಲ, ಏಕೆಂದರೆ ಹೆಸರಿಲ್ಲದ ಸಾಮ್ರಾಜ್ಯವನ್ನು ದ್ವೇಷಿಸುವುದು ಸುಲಭ. ವಿಯೆಟ್ನಾಂ ಯುದ್ಧವನ್ನು ಮನಸ್ಸಿನಲ್ಲಿಟ್ಟುಕೊಂಡು ‘ಸ್ಟಾರ್ ವಾರ್ಸ್’ ಕಟ್ಟಿದೆನೆಂದು, ಅದರಲ್ಲಿ ಸಾಮ್ರಾಜ್ಯದ ಜಾಗ ಅಮೆರಿಕದ್ದೆಂದು ಜಾರ್ಜ್ ಲೂಕಸ್ ಹೇಳಿದ್ದುಂಟು. ಚಿತ್ರ ನೋಡಿ ಹೊರಬಂದ ಅಮೆರಿಕನ್ನರಲ್ಲಿ ಹೆಚ್ಚಿನವರು ತಮ್ಮನ್ನು ಬಂಡುಕೋರರೆಂದೇ ತಿಳಿದರು. ಯಾವ ದೇಶದ, ಯಾವ ಪಕ್ಷದ ನೋಡುಗನೂ ಹಾಗೆಯೇ. ಮುಸುಕು ಕತೆಯನ್ನು ಕತ್ತರಿಯಿಂದ ಕಾಪಾಡುತ್ತದೆ, ಜೊತೆಗೆ ನೋಡುಗನನ್ನು ಕನ್ನಡಿಯಿಂದಲೂ ಕಾಪಾಡುತ್ತದೆ.

ಈ ಹಿತವಾದ ಭ್ರಮೆಗೆ ಒಳ್ಳೆಯ ಸರಣಿಗಳು ಕಂಡುಕೊಂಡ ಮದ್ದು ಲೆಕ್ಕ ಮುಂದಿಡುವುದು. ಬಂಡುಕೋರನಾಗುವೆಯಾ, ಸರಿ. ಖಾಲಿ ಕೋಣೆಗಾಗಿ ಸತ್ತ ಗೆಳೆಯ, ಬಟ್ಟೆ ತೊಳೆಯುತ್ತಿದ್ದ ಆಳು, ಶೂನ್ಯಕ್ಕೆ ಎಸೆಯಲು ಹೊರಟ ಗೇಟಾ, ಸಾಹುಕಾರನ ಮನೆಗೆ ಹೋದ ಮಗಳು, ಇವರನ್ನೆಲ್ಲ ಯಾವ ಖಾತೆಗೆ ಬರೆಯುವೆ? ಹಾಗೆಂದು ಈ ಕತೆಗಳು ದಂಗೆ ಬೇಡವೆನ್ನುವುದಿಲ್ಲ. ಮದ್ದು ಬೆರೆಸಿದ ನೀರು, ವಿದ್ಯುತ್ ಹರಿಯುವ ನೆಲ, ಬಂಗಲೆಯ ಸಭೆ, ಸುಮ್ಮನಿರುವುದಕ್ಕೂ ಬೆಲೆಯಿದೆ ಎಂಬುದನ್ನು ಅಷ್ಟೇ ವಿವರವಾಗಿ ತೋರಿಸುತ್ತವೆ.

ಐರ್ಲೆಂಡ್ 2024ರಲ್ಲಿ ಒಂದಾಗಲಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಉತ್ತರ ಐರ್ಲೆಂಡಿನ ಮುಖ್ಯ ಸಚಿವೆಯಾಗಿ ಮಿಶೆಲ್ ಓನೀಲ್ ಅಧಿಕಾರ ವಹಿಸಿಕೊಂಡರು. ಅವರು ಶಿನ್ ಫೇನ್‌ನವರು. ಅಂದು ಅವರ ಭಾಷಣವನ್ನು ಬಿಬಿಸಿ ಪ್ರಸಾರ ಮಾಡಿತು, ಅವರದೇ ದನಿಯಲ್ಲಿ.